ಹಸಿರಾಗಿಯೇ ಉಳಿದ ಬಿಪಿಟಿ: ಮಲೆನಾಡಿನ ಒಂದು ಭತ್ತದ ಪ್ರಯೋಗದ ಪ್ರಕರಣ ಅಧ್ಯಯನ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಎರಡು ಮುಂಗಾರು ನಡೆದ ಒಂದು ಭತ್ತದ ತಳಿ ಪ್ರಯೋಗದ ವಿವರ ಇದು. ಬಿಪಿಟಿ ಎಂದರೆ ಬೇಗ ರೋಗ ಹಿಡಿಯುವ ಒಂದು ಭತ್ತದ ತಳಿ. ಊರಿನ ಹೆಸರನ್ನೂ ರೈತರ ಹೆಸರನ್ನೂ ಬಿಟ್ಟಿದ್ದೇನೆ. ಯಾರ ಗದ್ದೆಯಲ್ಲಿ ಮುಖ್ಯ ಘಟನೆ ನಡೆಯಿತೋ ಅವರನ್ನು ಗೌಡರು ಎಂದಷ್ಟೇ ಕರೆಯುತ್ತೇನೆ. ಆ ಸೀಮೆಯಲ್ಲಿ ಹಾಗೆ ಕರೆಸಿಕೊಳ್ಳುವವರು ಊರಿಗೆ ಹತ್ತಾರು ಮಂದಿ ಇದ್ದಾರೆ. ಪ್ರಯೋಗಕ್ಕಿಟ್ಟ ತಳಿಗಳ ಸಂಖ್ಯೆಗಳನ್ನೂ ತೆಗೆದು ಅ, ಆ, ಇ ಎಂದು ಬರೆದಿದ್ದೇನೆ. ಗದ್ದೆ ಪ್ರಯೋಗ ನಡೆಸುವ ಕಿರಿಯ ಸಹೋದ್ಯೋಗಿಗಳಿಗೂ, ಪ್ರಯೋಗಕ್ಕೆ ತಮ್ಮ ಗದ್ದೆ ಬಿಟ್ಟುಕೊಡುವ ರೈತರಿಗೂ ಇದು ಉಪಯೋಗಕ್ಕೆ ಬರಲಿ ಎಂಬ ಆಸೆಯಿಂದ, ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಒಂದು ಭತ್ತದ ತಳಿ ಸಂಕರಣದಿಂದ ಹೊರಟು ರೈತರ ಕಣ ತಲುಪುವವರೆಗೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಹಿಡಿಯುತ್ತದೆ. ಮೊದಲ ಐದಾರು ವರ್ಷ ಪೀಳಿಗೆಯಿಂದ ಪೀಳಿಗೆಗೆ ಗಿಡ ಆರಿಸುವುದರಲ್ಲೇ ಕಳೆಯುತ್ತದೆ. ಗುಣ ಸ್ಥಿರವಾದ ಮೇಲೆ ರಾಷ್ಟ್ರ ಮಟ್ಟದ ಪರೀಕ್ಷೆ. ಈ ಏರ್ಪಾಡು ಶುರುವಾದದ್ದು 1965ರಲ್ಲಿ, ಹೈದರಾಬಾದಿನಲ್ಲಿ ನೆಲೆಯೂರಿದ ಅಖಿಲ ಭಾರತ ಸಮನ್ವಯ ಭತ್ತ ಸುಧಾರಣಾ ಯೋಜನೆಯಿಂದ. 1968ರಲ್ಲಿ ಹೊರಬಂದ ಜಯ ತಳಿ ಅದರ ಮೊದಲ ದೊಡ್ಡ ಫಲ. ದೇಶದ ನಾನಾ ಕೇಂದ್ರಗಳು ಕಳುಹಿಸಿದ ತಳಿಗಳಿಗೆ ಇಲ್ಲಿ ಐಇಟಿ (ಆರಂಭಿಕ ಮೌಲ್ಯಮಾಪನ ಪರೀಕ್ಷೆ) ಎಂಬ ಸಂಖ್ಯೆ ಬೀಳುತ್ತದೆ. ಮೊದಲ ವರ್ಷ ಆರಂಭಿಕ ಪರೀಕ್ಷೆ. ಅದರಲ್ಲಿ ನಿಂತವಕ್ಕೆ ಮತ್ತೆ ಎರಡು ವರ್ಷ ಮುಂದುವರಿದ ಪರೀಕ್ಷೆ. ಪ್ರತಿ ಪರೀಕ್ಷೆಯಲ್ಲೂ ಈಗಾಗಲೇ ಹೆಸರು ಮಾಡಿದ ತಳಿಗಳನ್ನು ಪಕ್ಕದಲ್ಲೇ ಬೆಳೆದು ಹೋಲಿಸುತ್ತಾರೆ. ರೋಗಗಳಿಗೆ ಬೇರೆಯೇ ಪರೀಕ್ಷೆ ಇದೆ. ಕೊಡಗಿನ ಪೊನ್ನಂಪೇಟೆಯಂಥ, ಗರಿ, ತೆನೆಗಳನ್ನು ಸುಟ್ಟಂತೆ ಮಾಡುವ ಶಿಲೀಂಧ್ರದ ಬೆಂಕಿ ರೋಗ ವರ್ಷ ತಪ್ಪದೆ ಕಾಣಿಸಿಕೊಳ್ಳುವ ಕಡೆಗಳಲ್ಲಿ, ಬೇಗನೆ ರೋಗ ಹಿಡಿಯುವ ಎಚ್‌ಆರ್-12 ತಳಿಯನ್ನು ಸುತ್ತಲೂ ಬೆಳೆದು, ನಡುವಿನ ತಳಿಗಳ ಮೇಲೆ ರೋಗ ಬೀಳುವಂತೆ ಮಾಡಿ ನೋಡುತ್ತಾರೆ.

ಇಷ್ಟೆಲ್ಲ ಆದ ಮೇಲೂ ತಳಿ ಒಂದು ಊರಿಗೆ ಹೊಂದುತ್ತದೆ ಎಂದು ಹೇಳಲಾಗದು. ಹಲವು ಕೇಂದ್ರಗಳ ಇಳುವರಿಯನ್ನು ಕೂಡಿಸಿ ಸರಾಸರಿ ತೆಗೆದಾಗ, ಬಿಸಿಲು ನಾಡಿನಲ್ಲಿ ಕೊಟ್ಟ ಹೆಚ್ಚುವರಿ ಮೂಟೆಗಳು ಮಲೆನಾಡಿನಲ್ಲಿ ಸುಟ್ಟುಹೋದ ತೆನೆಗಳನ್ನು ಮುಚ್ಚಿಬಿಡಬಲ್ಲವು. ದೇಶವನ್ನು ವಲಯಗಳಾಗಿ ವಿಂಗಡಿಸಿ ಲೆಕ್ಕ ಹಾಕುವುದೂ, ಕೊನೆಗೆ ರಾಜ್ಯ ಮಟ್ಟದಲ್ಲಿ ರೈತರ ಗದ್ದೆಯಲ್ಲೇ ಬೆಳೆದು ನೋಡುವುದೂ ಇದಕ್ಕಾಗಿಯೇ. ನಾನು ಕೆಲಸ ಮಾಡುತ್ತಿದ್ದದ್ದು ಈ ಕೊನೆಯ ಹಂತದಲ್ಲಿ.

ನಮ್ಮ ಸೀಮೆಯ ರೈತರು ದಶಕಗಳಿಂದ ಇಂಟಾನ್ ತಳಿಯನ್ನು ಬಿಟ್ಟಿಲ್ಲ. ಇಂಡೋನೇಷ್ಯಾದಿಂದ ಬಂದ ಉದ್ದ ಅವಧಿಯ ಈ ತಳಿ ಬೆಂಕಿ ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ಹುಲ್ಲೂ ಚೆನ್ನಾಗಿ ಕೊಡುತ್ತದೆ. ಹೊಸ ತಳಿಗಳು ಬಂದವು, ಹೋದವು, ಇಂಟಾನ್ ಉಳಿಯಿತು. ಇದನ್ನು ರೈತರ ಹಟ ಎಂದು ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ, ಮೋಡ, ಮಂಜುಗಳ ನಡುವೆ ನಿಲ್ಲಬೇಕಾದ ಪೈರನ್ನು ಅವರು ಅಷ್ಟು ವರ್ಷ ಪರೀಕ್ಷೆ ಮಾಡಿಯೇ ಇಟ್ಟುಕೊಂಡಿದ್ದಾರೆ.

ಪ್ರಯೋಗದ ಏರ್ಪಾಡು

ಮೂರು ಹೊಸ ತಳಿಗಳಿದ್ದವು. 'ಆ' ಎಂಬ ತಳಿಯ ಮೇಲೆ ಎಲ್ಲರಿಗೂ ಹೆಚ್ಚು ನಂಬಿಕೆ. ಸಣ್ಣ ಕಾಳು, ಗಿಡ್ಡ ಕಾಂಡ, ಗಾಳಿಗೆ ಮಲಗುವುದಿಲ್ಲ. ಬೆಂಕಿ ರೋಗ ತಡೆಯುವ ಒಂದು ಜೀನ್ ಅದರಲ್ಲಿದೆ ಎಂದು ಪ್ರಯೋಗಾಲಯದ ಮಾರ್ಕರ್ ಪರೀಕ್ಷೆ ಹೇಳಿತ್ತು. ಇ ತಳಿ ನೋಡಲು ಸಾಧಾರಣ, ಕಾಳು ಸ್ವಲ್ಪ ದಪ್ಪ. ಐದು ರೈತರ ಗದ್ದೆಗಳನ್ನು ಆರಿಸಿದೆವು. ಪ್ರತಿ ಗದ್ದೆಯಲ್ಲೂ 10 ಗುಂಟೆ. ಅದನ್ನು ತಲಾ ಎರಡು ಗುಂಟೆಯ ಐದು ಪಟ್ಟಿಗಳಾಗಿ ಮಾಡಿ ಅ, ಆ, ಇ, ಇಂಟಾನ್ ಮತ್ತು ಬಿಪಿಟಿ 5204 ನಾಟಿ ಮಾಡಿಸಿದೆವು.

ಬಿಪಿಟಿಯನ್ನು ಏಕೆ ಇಟ್ಟೆವು ಎಂಬುದನ್ನು ಇಲ್ಲೇ ಹೇಳಬೇಕು. ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ಸಾಂಬಾ ಮಸೂರಿ ತಳಿ ಇದು. ಅನ್ನಕ್ಕೆ ಇದರಷ್ಟು ಬೇಡಿಕೆಯ ಭತ್ತ ದಕ್ಷಿಣದಲ್ಲಿ ಅಪರೂಪ. ಆದರೆ ಬೆಂಕಿ ರೋಗಕ್ಕೂ ದುಂಡಾಣು ಅಂಗಮಾರಿ ರೋಗಕ್ಕೂ ಬೇಗ ತುತ್ತಾಗುತ್ತದೆ. ಮಲೆನಾಡಿನ ಗದ್ದೆಯಲ್ಲಿ ಔಷಧಿ ಇಲ್ಲದೆ ಇದು ಹಸಿರಾಗಿ ನಿಲ್ಲುವುದು ಕಷ್ಟ. ಆ ಗದ್ದೆಗೆ ಆ ವರ್ಷ ರೋಗ ಬಂದಿತ್ತು ಎನ್ನುವುದಕ್ಕೆ ಸಾಕ್ಷಿಯಾಗಿ ನಾವು ಅದನ್ನು ಇಟ್ಟೆವು. ಪಕ್ಕದ ಬಿಪಿಟಿ ಉರಿದು ಹೋಗಿ ಹೊಸ ತಳಿ ನಿಂತರೆ ಮಾತ್ರ ಹೊಸ ತಳಿಯ ನಿರೋಧಕ ಶಕ್ತಿಯನ್ನು ನಂಬಬಹುದು.

ಗೌಡರ ಗದ್ದೆಯನ್ನು ನಾವು ಆರಿಸಿದ್ದಕ್ಕೆ ಒಂದು ವಿಶೇಷ ಕಾರಣವಿತ್ತು. ಅದು ಬಸ್ ಓಡಾಡುವ ರಸ್ತೆಯ ಪಕ್ಕದಲ್ಲೇ ಇತ್ತು. ಕೊಯ್ಲಿಗೆ ಮುಂಚೆ ಕ್ಷೇತ್ರೋತ್ಸವ ಮಾಡಿ ನಾಲ್ಕೂರಿನ ರೈತರನ್ನು ಕರೆಯಲು ಅನುಕೂಲ, ಫಲಕ ನೆಟ್ಟರೆ ಹೋಗಿ ಬರುವವರೆಲ್ಲ ಓದುತ್ತಾರೆ. ಆ ನಿರ್ಧಾರ ಎಷ್ಟು ದುಬಾರಿಯಾಗುತ್ತದೆ ಎಂದು ಆಗ ಹೊಳೆಯಲಿಲ್ಲ.

ಐವರು ರೈತರನ್ನೂ ಒಂದು ಮಧ್ಯಾಹ್ನ ಕೂರಿಸಿ ಮಾತನಾಡಿದೆವು. ಬೀಜ, ಗೊಬ್ಬರ ನಮ್ಮದು. ಭತ್ತ, ಹುಲ್ಲು ಅವರದು. ಯೂರಿಯಾವನ್ನು ಮೂರು ಕಂತಿನಲ್ಲಿ ಕೊಡಬೇಕು, ಪಟ್ಟಿಗಳ ಗೂಟ ಕೀಳಬಾರದು, ಔಷಧಿ ಹೊಡೆಯಬಾರದು ಎಂದೆವು. ಕೊನೆಯ ಮಾತನ್ನು ಅಷ್ಟೇ ಚಿಕ್ಕದಾಗಿ, ಗೂಟದ ಮಾತಿನ ಬೆನ್ನಿಗೇ ಹೇಳಿ ಮುಗಿಸಿದೆವು. ಎಲ್ಲರೂ ತಲೆಯಾಡಿಸಿದರು. ಅಚ್ಚು ಹಾಕಿಸಿದ ಹಾಳೆಗೆ ಸಹಿಯೂ ಆಯಿತು.

ಸಮಸ್ಯೆ ಕಾಣಿಸಿಕೊಂಡ ಬಗೆ

ಸೆಪ್ಟೆಂಬರ್ ಕೊನೆಗೆ ಎಲೆಗಳ ಮೇಲಿನ ಬೆಂಕಿ ರೋಗಕ್ಕೆ ಅಂಕ ಹಾಕಲು ಹೊರಟೆ. ಅಂಕ 0ಯಿಂದ 9ರವರೆಗೆ. ಸೊನ್ನೆ ಎಂದರೆ ಚುಕ್ಕೆಯೇ ಇಲ್ಲ. 7 ಎಂದರೆ ಎಲೆಯ ಕಾಲು ಭಾಗ ಮೀರಿ ಅರ್ಧದವರೆಗೆ ರೋಗ. 9 ಎಂದರೆ ಮುಕ್ಕಾಲಕ್ಕಿಂತ ಹೆಚ್ಚು ಹೋಗಿದೆ. ಮೊದಲ ಎರಡು ಗದ್ದೆಗಳಲ್ಲಿ ಬಿಪಿಟಿಗೆ 6, 7 ಬಂತು. ನೂಲುವ ಕದಿರಿನಾಕಾರದ, ನಡುವೆ ಬೂದಿ ಬಣ್ಣ, ಅಂಚಿಗೆ ಕಂದು ಗೆರೆ ಇರುವ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು, ಗರಿಗಳು ಬೆಂಕಿ ತಗುಲಿದಂತೆ ಕಂದಾಗಿದ್ದವು. ಮೂರನೆಯದು ಗೌಡರ ಗದ್ದೆ. ಅಲ್ಲಿ ಬಿಪಿಟಿ ಹಸಿರಾಗಿತ್ತು. ಹುಡುಕಿದರೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು ಸಿಕ್ಕವು. 1 ಎಂದು ಬರೆದುಕೊಂಡೆ.

ಆ ದಿನ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ರೋಗ ಎಲ್ಲ ಗದ್ದೆಗೂ ಒಂದೇ ಸಮ ಬರುವುದಿಲ್ಲ, ಗಾಳಿ ಆಡುವ ಬಯಲು ಗದ್ದೆಯಾದ್ದರಿಂದ ತಪ್ಪಿಸಿಕೊಂಡಿದೆ ಎಂದುಕೊಂಡೆ. ಅಷ್ಟರಲ್ಲಿ 'ಆ' ತಳಿಯ ಪಟ್ಟಿ ಕಣ್ಣಿಗೆ ಬಿತ್ತು. ತೆಂಡೆ ತುಂಬಿ, ಹೊಡೆ ಬಿರಿಯುವ ಹೊತ್ತು. ಅಷ್ಟು ಚೆಂದದ ಪಟ್ಟಿ ಉಳಿದ ಗದ್ದೆಗಳಲ್ಲಿ ಇರಲಿಲ್ಲ. ಫೋಟೋ ತೆಗೆದೆ. ಬೇಕಾದ ಫಲಿತಾಂಶ ಎದುರಿಗೆ ನಿಂತಾಗ ಪ್ರಶ್ನೆ ಕೇಳುವುದು ಎಷ್ಟು ಕಷ್ಟ ಎಂದು ಆ ಫೋಟೋ ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಅಕ್ಟೋಬರ್‌ನಲ್ಲಿ ಆನೆಗಳ ಹಿಂಡು ಒಂದು ಪ್ರಯೋಗದ ಗದ್ದೆಯನ್ನು ಒಂದೇ ರಾತ್ರಿಯಲ್ಲಿ ತುಳಿದು ಹಾಕಿತು. ಉಳಿದದ್ದು ನಾಲ್ಕು.

ನವೆಂಬರ್ ಎರಡನೆಯ ವಾರ ಕುತ್ತಿಗೆ ರೋಗದ ಎಣಿಕೆಗೆ ಹೋದೆ. ಇದು ಅದೇ ಬೆಂಕಿ ರೋಗದ ಇನ್ನೊಂದು ಮುಖ, ರೈತನಿಗೆ ಹೆಚ್ಚು ನಷ್ಟ ತರುವುದೂ ಇದೇ. ಶಿಲೀಂಧ್ರ ತೆನೆಯ ಬುಡದ ಗಿಣ್ಣನ್ನು ಹಿಡಿದು ಕಪ್ಪಾಗಿಸುತ್ತದೆ. ಮೇಲಕ್ಕೆ ಹಾಲು ಹೋಗುವುದಿಲ್ಲ. ಕಾಳು ತುಂಬಿದ ತೆನೆ ಭಾರಕ್ಕೆ ಬಾಗುತ್ತದೆ. ರೋಗ ಹಿಡಿದದ್ದು ಬೆಳ್ಳಗಾಗಿ, ಜೊಳ್ಳಾಗಿ, ಸೆಟೆದು ನಿಲ್ಲುತ್ತದೆ. ದೂರದಿಂದ ನೋಡಿದರೆ ಗದ್ದೆಯಲ್ಲಿ ಯಾರೋ ಬಿಳಿ ಗರಿಗಳನ್ನು ಚುಚ್ಚಿಟ್ಟ ಹಾಗೆ. ಗೌಡರ ಗದ್ದೆಯ ಬದುವಿನ ಆಚೆ, ಪಕ್ಕದವರ ಗದ್ದೆಯಲ್ಲಿ ಯಾವುದೋ ಸಣ್ಣ ಭತ್ತ ಹೀಗೆ ಬೆಳ್ಳಗೆ ನಿಂತಿತ್ತು. ಬದುವಿನ ಈಚೆ ನಮ್ಮ ಬಿಪಿಟಿ ತಲೆ ಬಾಗಿಸಿತ್ತು. ನಡುವೆ ಇದ್ದದ್ದು ಒಂದೂವರೆ ಅಡಿ ಅಗಲದ ಬದು. ಗಾಳಿಯಲ್ಲಿ ಹರಡುವ ರೋಗಕ್ಕೆ ಆ ಬದು ಗಡಿಯಾಗಲಾರದು.

ತೆನೆ ಎಣಿಸುವುದನ್ನು ನಿಲ್ಲಿಸಿ ಗೌಡರ ಮನೆಗೆ ಹೋದೆ. ಆ ಮನೆಯ ಅಮ್ಮ ಕಾಫಿ ಕೊಟ್ಟರು. ಗೌಡರು ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. "ಗೌಡರೇ, ಬಿಪಿಟಿ ಅಷ್ಟು ಚೆನ್ನಾಗಿ ಹೇಗೆ ಬಂತು?" ಎಂದು ಕೇಳಿದೆ. ಅವರು ಕೈಯಲ್ಲಿದ್ದ ಅಡಿಕೆಯನ್ನು ಸುಲಿದು ಮುಗಿಸಿದರು, ಮೆಟ್ಟುಗತ್ತಿಯನ್ನು ಪಕ್ಕಕ್ಕಿಟ್ಟರು. ಒಳಗೆ ಹೋಗಿ, ಗೋಡೆಯ ಮೊಳೆಗೆ ನೇತು ಹಾಕಿದ್ದ ತಂತಿಯಿಂದ ಅಂಗಡಿಯ ಒಂದು ಬಿಲ್ ಬಿಡಿಸಿ ತಂದು ನನ್ನ ಕೈಗೆ ಕೊಟ್ಟರು. ಗೊಬ್ಬರದ ಅಂಗಡಿಯದು. ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕದ ಪೊಟ್ಟಣಗಳು, ಎರಡು ತಾರೀಖು. ಒಂದು ಸೆಪ್ಟೆಂಬರ್ ಮೊದಲಲ್ಲಿ, ಇನ್ನೊಂದು ತೆನೆ ಹೊರಡುವ ಹೊತ್ತಿಗೆ. ಕೃಷಿ ಪುಸ್ತಕದಲ್ಲಿ ಬರೆದಿರುವ ಹಾಗೆಯೇ, ಸರಿಯಾದ ಸಮಯಕ್ಕೆ.

"ಸಂಜೆ ಹೊತ್ತಲ್ಲಿ ಹೊಡೆದೆ ಮೇಡಂ. ನಿಮಗೆ ಹೇಳಬೇಕು ಅಂತಲೇ ಇದ್ದೆ. ಚುಕ್ಕೆ ಕಾಣಿಸಿದ ಮೇಲೆ ಮೂರು ದಿನ ತಡೆದುಕೊಂಡೆ. ಪೈರು ಕಣ್ಣೆದುರು ಉರಿಯುತ್ತಿರುವಾಗ ಕೈ ಕಟ್ಟಿಕೊಂಡು ಕೂರಲು ನನಗೆ ಬರುವುದಿಲ್ಲ."

ಅಮ್ಮ ಮಾತು ಸೇರಿಸಿದರು: "ರಸ್ತೆ ಗದ್ದೆ ಅಲ್ಲವೇ ಮೇಡಂ. ಬಸ್ಸಿನಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಇವರ ಕೈ ಸೋತಿತು ಅಂದರೆ ಏನು ಮಾಡುವುದು?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಮುಚ್ಚಿಡಲಿಲ್ಲ ಎಂಬುದು ಮುಖ್ಯ. ಬಿಲ್ ಅದೇ ತಂತಿಯಲ್ಲಿ, ಬಾಗಿಲ ಪಕ್ಕದಲ್ಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಕೇಳಿದ್ದರೆ ಅಂದೇ ಕೊಡುತ್ತಿದ್ದರು. ನಾನು ಕೇಳಿರಲಿಲ್ಲ.

ನಿರ್ಧಾರ

ಡಿಸೆಂಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಉಳಿದ ಗದ್ದೆಗಳಲ್ಲಿ ಒಂದರ ಕೊಯ್ಲಿನ ದಿನ ಆಳುಗಳು ಐದೂ ಪಟ್ಟಿಗಳ ಹೊರೆಯನ್ನು ಒಂದೇ ಕಣಕ್ಕೆ ತಂದು ಬೆರೆಸಿದರು. ಈಗ ಲೆಕ್ಕಕ್ಕೆ ಸಿಗುವುದು ಮೂರು ಗದ್ದೆ, ಅದರಲ್ಲಿ ಒಂದು ಗೌಡರದು. 'ಆ' ತಳಿ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಭತ್ತ ಕೊಟ್ಟಿತ್ತು. ಮೂರರ ಸರಾಸರಿ ತೆಗೆದರೆ 'ಆ' ತಳಿ ಮೊದಲ ಸ್ಥಾನಕ್ಕೆ ಬರುತ್ತದೆ. ಗೌಡರದನ್ನು ಬಿಟ್ಟರೆ ಉಳಿಯುವುದು ಎರಡೇ ಗದ್ದೆ, ಅಲ್ಲಿ 'ಆ' ಮತ್ತು 'ಇ' ಹೆಚ್ಚು ಕಡಿಮೆ ಸಮ. ಎರಡು ಗದ್ದೆಯ ಅಂಕಿ ಹಿಡಿದುಕೊಂಡು ಯಾರ ಮುಂದೆಯೂ ಹೋಗಲಾಗದು. ತಳಿಯನ್ನು ಮುಂದಕ್ಕೆ ಕಳುಹಿಸುವ ಪ್ರಸ್ತಾವ ಒಂದು ವರ್ಷ ಹಿಂದಕ್ಕೆ ಬೀಳುತ್ತದೆ.

ಮೂರು ದಾರಿಗಳು ಕಂಡವು. ಅಂಕಿಗಳನ್ನು ಇದ್ದಂತೆ ಕಳುಹಿಸುವುದು. ಔಷಧಿಯ ವಿಷಯ ತಿಳಿದಿರುವುದು ಮೂರು ಜನರಿಗೆ ಮಾತ್ರ. ಅಥವಾ ಆ ಗದ್ದೆಯನ್ನು ಸದ್ದಿಲ್ಲದೆ ಕೈಬಿಟ್ಟು, ಕಾಡುಪ್ರಾಣಿಯ ಹಾನಿ ಎಂಬ ಸಾಲಿಗೆ ಸೇರಿಸಿಬಿಡುವುದು. ಇಲ್ಲವೇ ಆದದ್ದನ್ನು ಆದಂತೆ ಬರೆಯುವುದು. ಎರಡನೆಯದರ ಕಡೆಗೆ ನನ್ನ ಮನಸ್ಸು ವಾಲಿತ್ತು. ಸುಳ್ಳು ಅಂಕಿ ಹೋಗುವುದಿಲ್ಲ, ಗೌಡರ ಮೇಲೂ ಮಾತು ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಮ್ಮ ಹಿರಿಯ ವಿಜ್ಞಾನಿಗಳು ಬಿಲ್ಲಿನ ತಾರೀಖುಗಳನ್ನು ಓದಿದರು. ಕೆಂಪು ಪೆನ್ನು ತೆಗೆದುಕೊಂಡು, ಗೌಡರ ಗದ್ದೆಯ ಪುಟದಲ್ಲಿ ಪ್ರತಿ ತಳಿಯ ಎದುರೂ ಔಷಧಿ ಹೊಡೆದ ದಿನಾಂಕವನ್ನು ಬರೆದರು. ಒಂದೂ ಅಂಕಿಯನ್ನು ಹೊಡೆದು ಹಾಕಲಿಲ್ಲ. "ಇದು ಹಾಳಾದ ಪ್ರಯೋಗ ಅಲ್ಲ, ಬೇರೆ ಪ್ರಯೋಗ. ರೋಗ ತಡೆದರೆ ಈ ತಳಿಗಳು ಎಷ್ಟು ಕೊಡುತ್ತವೆ ಎಂದು ಗೌಡರು ನಮಗೆ ಲೆಕ್ಕ ಕೊಟ್ಟಿದ್ದಾರೆ. ಬೇರೆ ಪುಟದಲ್ಲಿ ಇಡಿ," ಎಂದರು. ಸರಾಸರಿಯಿಂದ ಅದು ಹೊರಗುಳಿಯಿತು. ಆ ವರ್ಷ ಯಾವ ತಳಿಯನ್ನೂ ಮುಂದಕ್ಕೆ ಕಳುಹಿಸಲಿಲ್ಲ. ಅವರ ಮೇಲೆ ಒತ್ತಡ ಇತ್ತು, ನನಗೆ ಗೊತ್ತು. 'ಆ' ತಳಿಗಾಗಿ ಹಲವರು ವರ್ಷಗಟ್ಟಲೆ ದುಡಿದಿದ್ದರು.

ಈ ನಿರ್ಧಾರದ ಬೆಲೆ ಏನು ಎಂದು ಕಿರಿಯರು ಕೇಳುತ್ತಾರೆ. ಒಂದು ತಪ್ಪು ಅಂಕಿಯ ಬೆಲೆಯನ್ನು ಮೊದಲು ನೋಡಬೇಕು. ತಳಿ ಬಿಡುಗಡೆಯಾದರೆ ಅದರ ತಳಿವರ್ಧಕ ಬೀಜದಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ತಯಾರಾಗುತ್ತದೆ. ನೀಲಿ ಚೀಟಿ ಹೊಲಿದ ಆ ಚೀಲವನ್ನು ರೈತ ನಂಬಿ ಒಯ್ಯುತ್ತಾನೆ. 'ಬೆಂಕಿ ರೋಗ ನಿರೋಧಕ' ಎಂದು ಕೇಳಿದವನು ಔಷಧಿಯ ಖರ್ಚನ್ನು ಉಳಿಸುತ್ತಾನೆ. ಗೌಡರು ಗುಟ್ಟಾಗಿ ಮಾಡಿದ ಖರ್ಚು ಸಾವಿರಾರು ಗದ್ದೆಗಳಲ್ಲಿ ಬಿಳಿ ತೆನೆಯಾಗಿ ಏಳುತ್ತಿತ್ತು.

ಎರಡನೆಯ ಮುಂಗಾರು

ಏಪ್ರಿಲ್‌ನಲ್ಲಿ ಐವರನ್ನೂ ಮತ್ತೆ ಕೂರಿಸಿದೆವು. ಈ ಸಲ ನಾವು ಮಾತಾಡಿದ್ದು ಕಡಿಮೆ. ಗೌಡರು ತಾವಾಗಿಯೇ ನಡೆದದ್ದನ್ನು ಹೇಳಿದರು. ಹೇಳಿ ಮುಗಿಸುವುದರೊಳಗೆ ಇನ್ನೊಬ್ಬರು, ತಮ್ಮ ಗದ್ದೆಗೂ ಒಮ್ಮೆ ಹೊಡೆಯಲು ಪಂಪ್ ತುಂಬಿಸಿದ್ದಾಗಿಯೂ ಮಳೆ ಬಂದು ಬಿಟ್ಟದ್ದಾಗಿಯೂ ಒಪ್ಪಿಕೊಂಡರು. ಆಗ ನಮಗೆ ಅರ್ಥವಾಯಿತು. 'ಔಷಧಿ ಹೊಡೆಯಬೇಡಿ' ಎಂದರೆ ನಾವು ರೈತನನ್ನು ಕೇಳುತ್ತಿರುವುದು ಗೂಟ ಕೀಳಬೇಡಿ ಎಂಬಷ್ಟು ಹಗುರ ಕೆಲಸವನ್ನಲ್ಲ. ಬೆಳೆ ಉಳಿಸಿಕೊಳ್ಳುವುದೇ ಬಾಳಾಗಿರುವವನಿಗೆ, ಉಳಿಸಿಕೊಳ್ಳಬೇಡ, ನೋಡುತ್ತಾ ನಿಲ್ಲು ಎನ್ನುತ್ತಿದ್ದೇವೆ.

ಏರ್ಪಾಡನ್ನು ಅವರೊಂದಿಗೇ ಬದಲಿಸಿದೆವು. ಪ್ರತಿ ಗದ್ದೆಯಲ್ಲೂ ಎರಡು ಭಾಗ: ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಇಲ್ಲ. ಔಷಧಿಯ ಭಾಗ ರಸ್ತೆಯ ಕಡೆಗೆ, ಉರಿಯಲು ಬಿಟ್ಟ ಭಾಗ ಹಿಂದೆ, ತೋಟದ ಅಂಚಿಗೆ. ಇದು ಅಮ್ಮ ಕೊಟ್ಟ ಸಲಹೆ. ಹಾಗೆ ಮಾಡಿದಾಗ ಎರಡು ಭಾಗಗಳ ಜಾಗ ಒಂದೇ ತೆರನಾಗಿರುವುದಿಲ್ಲ, ಚೀಟಿ ಎತ್ತಿ ಹಂಚಬೇಕು ಎಂದು ಪುಸ್ತಕ ಹೇಳುತ್ತದೆ. ಆದ್ದರಿಂದ ರಸ್ತೆಯಿಲ್ಲದ ಉಳಿದ ನಾಲ್ಕು ಗದ್ದೆಗಳಲ್ಲಿ ಚೀಟಿ ಎತ್ತಿದೆವು. ಗೌಡರಲ್ಲಿ ಮಾತ್ರ ಅಮ್ಮನ ಮಾತು ನಡೆಯಿತು, ಅದನ್ನೂ ದಾಖಲೆಯಲ್ಲಿ ಬರೆದೆವು. ಔಷಧಿ ಇಲ್ಲದ ಭಾಗದಲ್ಲಿ ಆಗುವ ನಷ್ಟಕ್ಕೆ, ಅದೇ ಅಳತೆಯ ಇಂಟಾನ್ ಗದ್ದೆಯಲ್ಲಿ ಸಿಗುವಷ್ಟು ಭತ್ತವನ್ನು ಮೂಟೆಯ ಲೆಕ್ಕದಲ್ಲಿ ಕೊಡುವುದೆಂದು ನಾಟಿಗೆ ಮುಂಚೆಯೇ ಗೊತ್ತು ಮಾಡಿದೆವು. ಇಷ್ಟರ ಮೇಲೂ ತಡೆಯಲಾಗದೆ ಹೊಡೆದರೆ ಹೊಡೆಯಿರಿ, ಆದರೆ ಅದೇ ದಿನ ಫೋನ್ ಮಾಡಿ ಎಂದೆವು. ಪ್ರತಿ ಮನೆಗೂ ಒಂದು ನೋಟ್‌ಬುಕ್ ಕೊಟ್ಟೆವು. ಆನೆ ದಾರಿಯ ಗದ್ದೆಯನ್ನು ಬಿಟ್ಟು ಬೇರೆ ಆರಿಸಿಕೊಂಡೆವು. ಐದೂ ತಳಿಗೆ ಐದು ಬಣ್ಣದ ಚೀಲ ಹೊಲಿಸಿ, ಕೊಯ್ಲಿನ ದಿನ ನಾವೇ ಕಣದಲ್ಲಿ ನಿಂತೆವು.

ಆ ವರ್ಷ ಅಕ್ಟೋಬರ್ ಕೊನೆಗೆ ಮಳೆ ನಿಂತು ಮಂಜು ಹಿಡಿಯಿತು. ಬೆಂಕಿ ರೋಗದ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಲು ಗಂಟೆಗಟ್ಟಲೆ ತೇವ ಬೇಕು. ತಂಪು ರಾತ್ರಿ, ಹೊತ್ತೇರಿದರೂ ಆರದ ಇಬ್ಬನಿ, ಜೊತೆಗೆ ಹೆಚ್ಚಿಗೆ ಬಿದ್ದ ಯೂರಿಯಾ ಇದ್ದರೆ ರೋಗಕ್ಕೆ ಹಬ್ಬ. ಗೌಡರ ನೋಟ್‌ಬುಕ್ಕಿನಲ್ಲಿ ಆ ದಿನಗಳ ಬರಹ ಹೀಗಿದೆ: 'ತೋಟದ ಕಡೆ ಹತ್ತು ಗಂಟೆಗೂ ಗರಿ ಒದ್ದೆ. ರಸ್ತೆ ಕಡೆ ಎಂಟಕ್ಕೆ ಒಣಗಿತು.' ನಾವು ಮಳೆಯ ಪ್ರಮಾಣ ಅಳೆಯುತ್ತಿದ್ದೆವು. ಗರಿ ಎಷ್ಟು ಹೊತ್ತಿಗೆ ಒಣಗುತ್ತದೆ ಎಂಬುದನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಮರುವರ್ಷದ ನಮೂನೆಯಲ್ಲಿ ಅದಕ್ಕೊಂದು ಅಂಕಣ ಸೇರಿತು.

ಫಲಿತಾಂಶ ನಮ್ಮನ್ನು ತಬ್ಬಿಬ್ಬು ಮಾಡಿತು. ಔಷಧಿ ಇಲ್ಲದ ಭಾಗದಲ್ಲಿ 'ಆ' ತಳಿ ಎಲೆಯ ಮೇಲಿನ ರೋಗವನ್ನು ನಿಜವಾಗಿಯೂ ತಡೆಯಿತು. ಪಕ್ಕದಲ್ಲಿ ಬಿಪಿಟಿ 7, 8ಕ್ಕೆ ಏರಿದಾಗಲೂ ಅದು 2, 3ರಲ್ಲೇ ಇತ್ತು. ಮಾರ್ಕರ್ ಹೇಳಿದ್ದು ಸುಳ್ಳಲ್ಲ. ಆದರೆ ನವೆಂಬರ್‌ನಲ್ಲಿ, ಐದರಲ್ಲಿ ಮೂರು ಗದ್ದೆಗಳಲ್ಲಿ, ಅದೇ ತಳಿಯ ತೆನೆಗಳ ಕುತ್ತಿಗೆ ಕಪ್ಪಾಯಿತು. ಎಲೆಯಲ್ಲಿ ರೋಗ ತಡೆಯುವ ಗಿಡ ಕುತ್ತಿಗೆಯಲ್ಲೂ ತಡೆಯಲೇಬೇಕು ಎಂಬ ನಿಯಮವಿಲ್ಲ. ಓದುವಾಗ ಎಲ್ಲರೂ ಓದಿದ್ದೇವೆ. ಗೌಡರ ಗದ್ದೆಯ ಹಿಂಭಾಗದ ಪಟ್ಟಿಯಲ್ಲಿ ಕುಳಿತು ಒಂದೊಂದೇ ತೆನೆಯ ಬುಡವನ್ನು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿದೆ. ಒಳ್ಳೆಯದು ಬಾಗುತ್ತದೆ, ರೋಗದ್ದು ಚಟ್ಟನೆ ಮುರಿಯುತ್ತದೆ. ಹತ್ತು ಗಿಡಗಳ ತೆನೆ ಎಣಿಸುವಷ್ಟರಲ್ಲಿ ಕೈ ತುಂಬಾ ಮುರಿದ ತೆನೆಗಳಿದ್ದವು. ರಸ್ತೆ ಕಡೆಯ ಭಾಗದಲ್ಲಿ ಅದೇ ತಳಿ ಹೋದ ವರ್ಷದ ಹಾಗೆಯೇ ಬಂಗಾರದ ಬಣ್ಣಕ್ಕೆ ತಿರುಗಿ ತೂಗುತ್ತಿತ್ತು.

ಹೋದ ವರ್ಷ ಗೌಡರು ತೆನೆ ಹೊರಡುವಾಗ ಹೊಡೆದ ಎರಡನೆಯ ಔಷಧಿ ಮುಚ್ಚಿಟ್ಟದ್ದು ಇದನ್ನೇ. ಅವರ ಗದ್ದೆ ಬಿಟ್ಟು ಉಳಿದ ಎರಡರಲ್ಲಿ ಆ ವರ್ಷ ಕುತ್ತಿಗೆ ರೋಗ ಬಲವಾಗಿ ಬಂದಿರಲಿಲ್ಲ. ಬಲವಾಗಿ ಬಂದ ಒಂದೇ ಕಡೆ ಕಾಣದಂತಾಗಿತ್ತು.

ಇ ತಳಿ ಯಾವ ಗದ್ದೆಯಲ್ಲೂ ಮೊದಲು ಬರಲಿಲ್ಲ. ಯಾವ ಗದ್ದೆಯಲ್ಲೂ ಕೈ ಕೊಡಲೂ ಇಲ್ಲ. ಔಷಧಿ ಇದ್ದ ಭಾಗಕ್ಕೂ ಇಲ್ಲದ ಭಾಗಕ್ಕೂ ಅದರ ಇಳುವರಿಯಲ್ಲಿ ಅಂತರ ಕಡಿಮೆ. ಈ ವಿಷಯದಲ್ಲಿ ಇಂಟಾನ್‌ಗೆ ಹತ್ತಿರ, ಭತ್ತ ಮಾತ್ರ ಇಂಟಾನ್‌ಗಿಂತ ಸ್ವಲ್ಪ ಹೆಚ್ಚು. ಹಸು ಇದರ ಹುಲ್ಲನ್ನು ಮೊದಲು ತಿಂದಿತು ಎಂದು ಮೂರು ಮನೆಯ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಇನ್ನೊಂದು ಸುತ್ತಿನ ಪರೀಕ್ಷೆಗೆ ಕಳುಹಿಸಿದೆವು. 'ಆ' ತಳಿಯನ್ನು ಎಸೆಯಲಿಲ್ಲ. ಕುತ್ತಿಗೆ ರೋಗ ತಡೆಯುವ ಬೇರೆ ಮೂಲದೊಂದಿಗೆ ಸಂಕರಣಕ್ಕೆ ತಾಯಿಯಾಗಿ ಉಳಿಯಿತು. ಅದರ ಕಾಂಡದ ಗಟ್ಟಿತನ, ಎಲೆಯ ನಿರೋಧಕ ಶಕ್ತಿ ಎರಡೂ ಬೇಕಾದವೇ.

ಈ ಪ್ರಕರಣದಿಂದ ನಮ್ಮ ಕೆಲಸದಲ್ಲಿ ಬದಲಾದದ್ದು

ರೈತರ ಗದ್ದೆಯ ಪ್ರಯೋಗದಲ್ಲಿ ಸಾಕ್ಷಿ ತಳಿಯನ್ನು ಈಗ ಮೊದಲು ನೋಡುತ್ತೇವೆ, ಹೊಸ ತಳಿಗಳನ್ನು ಆಮೇಲೆ. ಸಾಕ್ಷಿಗೆ ರೋಗವಿಲ್ಲದಿದ್ದರೆ ಆ ದಿನ ಹೊಸ ತಳಿಗೆ ಅಂಕವನ್ನೇ ಹಾಕುವುದಿಲ್ಲ. ಮನೆಗೆ ಹೋಗಿ ಕೇಳುತ್ತೇವೆ. ಕೇಳುವ ರೀತಿಯೂ ಬದಲಾಗಿದೆ. 'ಔಷಧಿ ಹೊಡೆದಿರಾ?' ಎಂದರೆ ತಪ್ಪು ಹಿಡಿಯಲು ಬಂದಂತಾಗುತ್ತದೆ. 'ಈ ತಿಂಗಳು ಗದ್ದೆಗೆ ಏನೇನು ಮಾಡಿದಿರಿ?' ಎಂದು ಕೇಳಿ ನೋಟ್‌ಬುಕ್ ತೆರೆದು ಕೂರುತ್ತೇವೆ. ಯೂರಿಯಾ, ಕಳೆ, ನೀರು, ಔಷಧಿ ಎಲ್ಲವೂ ತಾನಾಗಿ ಬರುತ್ತದೆ.

ಪ್ರದರ್ಶನದ ಗದ್ದೆಯನ್ನೂ ಪರೀಕ್ಷೆಯ ಗದ್ದೆಯನ್ನೂ ಬೇರೆ ಮಾಡಿದ್ದೇವೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂದಿಗೂ ಹಲವು ಕಡೆ ಎರಡೂ ಒಂದೇ ಆಗಿವೆ. ಫಲಕ ನೆಟ್ಟ ರಸ್ತೆ ಬದಿಯ ಗದ್ದೆಯಲ್ಲಿ ಬೆಳೆ ಸೋಲಲು ರೈತ ಬಿಡುವುದಿಲ್ಲ, ಬಿಡಲೂಬಾರದು. ಸೋಲುವ ಸ್ವಾತಂತ್ರ್ಯ ಇರುವ ಜಾಗದಲ್ಲಿ ಪರೀಕ್ಷೆ ನಡೆಯಬೇಕು. ಆ ಸೋಲಿನ ನಷ್ಟವನ್ನು ರೈತನ ತಲೆಗೆ ಹಾಕಿ, ಅವನು ನಿಯಮ ಮುರಿದ ಎಂದು ದೂರುವುದು ನ್ಯಾಯವಲ್ಲ. ಗೌಡರನ್ನು ದೂರುವ ಮಾತು ನಮ್ಮ ಕಚೇರಿಯಲ್ಲೂ ಬಂದಿತ್ತು. ರೈತರನ್ನು ನಂಬಿದರೆ ಹೀಗೆಯೇ, ಕೇಂದ್ರದ ಗದ್ದೆಯಲ್ಲೇ ಎಲ್ಲ ಮುಗಿಸಬೇಕು ಎಂದವರಿದ್ದರು. ಆದರೆ ಗರಿ ಹತ್ತು ಗಂಟೆಗೂ ಒದ್ದೆಯಿರುವ ಆ ತೋಟದ ಅಂಚು ಕೇಂದ್ರದ ಗದ್ದೆಯಲ್ಲಿ ಇಲ್ಲ. ಕುತ್ತಿಗೆ ರೋಗ ಕಾಣಿಸಿಕೊಟ್ಟದ್ದು ಆ ಅಂಚು.

ನಷ್ಟ ಭರಿಸುವ ಹಣವನ್ನು ಪ್ರಯೋಗದ ವೆಚ್ಚದಲ್ಲಿ ಮೊದಲೇ ತೋರಿಸಬೇಕೆಂದು ಕೇಳಿ ಕೇಳಿ, ಈಗ ಒಂದಿಷ್ಟು ಸಿಗುತ್ತಿದೆ. ಸಾಲದು.

ಮೂರನೆಯ ವರ್ಷ ಗೌಡರ ಗದ್ದೆಯಲ್ಲಿ ನಮ್ಮ ಪ್ರಯೋಗ ಇರಲಿಲ್ಲ. ರಸ್ತೆ ಕಡೆ ಇಂಟಾನ್ ಹಾಕಿದ್ದರು, ಒಳಗೆ ಒಂದು ತುಂಡಿಗೆ ತಾವೇ ಎತ್ತಿಟ್ಟುಕೊಂಡಿದ್ದ ಇ ತಳಿಯ ಬೀಜ. ಅಕ್ಟೋಬರ್‌ನ ಒಂದು ಬೆಳಿಗ್ಗೆ ಫೋನ್ ಬಂತು. "ಮೇಡಂ, ತೋಟದ ಅಂಚಿಗೆ ಎರಡು ಸಾಲು ಬಿಪಿಟಿ ನೆಟ್ಟಿದ್ದೆ, ಸುಮ್ಮನೆ ನೋಡಲು. ನಿನ್ನೆಯಿಂದ ಚುಕ್ಕೆ ಕಾಣಿಸುತ್ತಿದೆ. ಹೊಡೆದಿಲ್ಲ. ನಿಮ್ಮ ಬೇರೆ ಗದ್ದೆಗಳಿಗೂ ಇನ್ನೊಂದು ವಾರದಲ್ಲಿ ಬರಬಹುದು, ನೋಡಿಕೊಳ್ಳಿ."

ಮರುದಿನ ಮೊದಲ ಬಸ್ಸಿಗೆ ಹೋದೆ. ಗೌಡರು ಬದುವಿನ ಮೇಲೆ ನೋಟ್‌ಬುಕ್ ಹಿಡಿದು ನಿಂತಿದ್ದರು. ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿದೆವು. ನನ್ನದು 5, ಅವರದು 6. ಮತ್ತೆ ಇಳಿದು ಒಟ್ಟಿಗೆ ನೋಡಿದೆವು. 6 ಸರಿ ಇತ್ತು.